ಆಟಕ್ಕೆ ಅಳು ಬಂದ ಬಗೆ

ಕಟ್ಟುಕಥೆಯ ಮನುಷ್ಯರಿಗಾಗಿ ಕಣ್ಣೀರು ಸುರಿಸುವುದು ಹಳೆಯ ಚಾಳಿ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನು 1747-48ರಲ್ಲಿ ತನ್ನ 'ಕ್ಲಾರಿಸಾ' ಕಾದಂಬರಿಯ ಸಂಪುಟಗಳನ್ನು ಬಿಡಿಬಿಡಿಯಾಗಿ ಹೊರತರುತ್ತಿದ್ದಾಗ, ಕಥಾನಾಯಕಿಯನ್ನು ಸಾಯಿಸಬೇಡವೆಂದು ಓದುಗರು ಅವನಿಗೆ ಕಾಗದದ ಮೇಲೆ ಕಾಗದ ಬರೆದರು. ಲೇಡಿ ಬ್ರಾಡ್‌ಶೇ ಎಂಬ ದೊಡ್ಡ ಮನೆತನದ ಹೆಂಗಸು ಸುಳ್ಳು ಹೆಸರಿಟ್ಟುಕೊಂಡು ಬರೆದು ಗೋಗರೆದಳು. ರಿಚರ್ಡ್‌ಸನ್ ಜಗ್ಗಲಿಲ್ಲ, ಕ್ಲಾರಿಸಾ ಸತ್ತಳು. ಮುಂದೆ ಡಿಕನ್ಸನ ಪುಟ್ಟ ನೆಲ್ 1841ರಲ್ಲಿ ಕಣ್ಣು ಮುಚ್ಚುವ ಮುನ್ನವೂ ಇದೇ ಗೋಳು. 1893ರಲ್ಲಿ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಉರುಳಿಸಿದಾಗ ಓದುಗರು ರೊಚ್ಚಿಗೆದ್ದರು. ಹತ್ತು ವರ್ಷಗಳ ಬಳಿಕ ಲೇಖಕನೇ ಸೋತು, ಸತ್ತವನನ್ನು ಬದುಕಿಸಿಕೊಟ್ಟನು.

ಇವರೆಲ್ಲರ ದುಃಖಕ್ಕೆ ಒಂದು ಸಮಾಧಾನವಿತ್ತು. ಕೊಂದವನು ಲೇಖಕ, ಓದಿದವನಲ್ಲ. ಓದುಗನ ಕೈ ಶುದ್ಧ. ಅವನು ಮರುಗಬಹುದು, ಬಯ್ಯಬಹುದು, ಪುಸ್ತಕವನ್ನು ಮೂಲೆಗೆಸೆಯಬಹುದು. ಆದರೆ "ನಾನು ಹೀಗೆ ಮಾಡಬಾರದಾಗಿತ್ತು" ಎಂದು ಹೇಳುವ ಪ್ರಸಂಗ ಅವನಿಗೆ ಬರುವುದಿಲ್ಲ. ಕಥೆಯಿಂದ ಕರುಣೆ ಹುಟ್ಟುವುದು ಎಲ್ಲರೂ ಬಲ್ಲ ಸಂಗತಿ. ಕಥೆಯಿಂದ ಪಶ್ಚಾತ್ತಾಪ ಹುಟ್ಟಬಲ್ಲುದೇ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದವರು ಕಾದಂಬರಿಕಾರರಲ್ಲ, ನಾಟಕಕಾರರಲ್ಲ. ಹುಡುಗರ ಹೊತ್ತುಗಳೆಯುವ ಸಾಮಗ್ರಿ ಎಂದು ಹಿರಿಯರು ಮೂಗು ಮುರಿಯುವ ವಿಡಿಯೋ ಗೇಮುಗಳನ್ನು ಕಟ್ಟಿದವರು. ಮಗನೋ ಮೊಮ್ಮಗಳೋ ಊಟದ ಕರೆಗೂ ಓಗೊಡದೆ ಪರದೆಯ ಮುಂದೆ ಕುಳಿತಿರುವುದನ್ನು ಕಂಡು ಬೇಸತ್ತ ವಾಚಕರಿಗೆ ಇದು ನಗೆಯ ಮಾತಾಗಿ ತೋರೀತು. ಆದರೂ ಆ ಚರಿತ್ರೆ ತಿಳಿಯತಕ್ಕದ್ದೇ.

ಯಂತ್ರಕ್ಕೆ ಮನಸ್ಸು ಕೊಡುವುದಂತೂ ಆಟಗಳಿಗಿಂತ ಮೊದಲೇ ಶುರುವಾಗಿತ್ತು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ಪ್ರಾಧ್ಯಾಪಕನು 1966ರಲ್ಲಿ 'ಎಲೈಜಾ' ಎಂಬ ಒಂದು ಕ್ರಮವಿಧಿಯನ್ನು ಪ್ರಕಟಿಸಿದನು. ನಾವು ಟೈಪು ಮಾಡಿದ ಮಾತನ್ನೇ ತುಸು ತಿರುಚಿ ಪ್ರಶ್ನೆಯಾಗಿ ಮರಳಿಸುವುದು ಅದರ ವಿದ್ಯೆ. ತಿಳಿವಳಿಕೆ ಎಂಬುದು ಅದರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ಆದರೆ ಅವನ ಕಾರ್ಯದರ್ಶಿಯೇ, ಅದು ಕಟ್ಟಲ್ಪಟ್ಟದ್ದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದವಳು, ಅದರೊಡನೆ ಎರಡು ಮಾತಾಡುವಷ್ಟರಲ್ಲಿ "ನೀವು ಸ್ವಲ್ಪ ಹೊರಗೆ ಹೋಗುತ್ತೀರಾ?" ಎಂದು ಕೇಳಿದಳಂತೆ. ವೈಜನ್‌ಬಾಮ್ ಇದನ್ನು ಕಂಡು ಹಿಗ್ಗಲಿಲ್ಲ, ಬೆಚ್ಚಿದನು. ಮುಂದೆ 1976ರಲ್ಲಿ ಈ ಭಯವನ್ನೇ ಕುರಿತು ಪುಸ್ತಕ ಬರೆದನು.

ಆ ಕಾಲದ ಆಟಗಳಲ್ಲಾದರೋ ಭಾವನೆಗೆ ಎಡೆಯಿರಲಿಲ್ಲ. ಚೆಂಡು ಹೊಡೆಯುವುದು, ಶತ್ರುವಿನ ನೌಕೆಯನ್ನು ಸುಡುವುದು, ಅಂಕ ಎಣಿಸುವುದು — ಇಷ್ಟೇ. ನಾಣ್ಯ ಹಾಕಿ ನಿಂತು ಆಡುವ ಪೆಟ್ಟಿಗೆಗಳವು. ಅಂಥ ಒಂದು ಪೆಟ್ಟಿಗೆಯೊಳಗೇ ಮೊದಲ ಮುಳ್ಳು ಕಾಣಿಸಿಕೊಂಡಿತು.

1980ರಲ್ಲಿ ಅಟಾರಿ ಕಂಪನಿ 'ಮಿಸೈಲ್ ಕಮಾಂಡ್' ಎಂಬ ಆಟವನ್ನು ಹೊರತಂದಿತು. ಅದನ್ನು ರಚಿಸಿದವನು ಡೇವ್ ತಿಯೂರರ್ ಎಂಬ ತರುಣ ಎಂಜಿನಿಯರು. ಪರದೆಯ ಕೆಳಗೆ ಆರು ಪಟ್ಟಣಗಳು, ಮೂರು ಕ್ಷಿಪಣಿ ಠಾಣೆಗಳು. ಮೇಲಿನಿಂದ ಶತ್ರುವಿನ ಕ್ಷಿಪಣಿಗಳು ಬೆಳಕಿನ ಗೆರೆಗಳಾಗಿ ಇಳಿಯುತ್ತವೆ. ಒಂದೊಂದು ಠಾಣೆಯಲ್ಲಿ ಹತ್ತೇ ಬಾಣ. ಅವುಗಳಿಂದ ಇಳಿಯುವ ಗೆರೆಗಳನ್ನು ಆಕಾಶದಲ್ಲೇ ತಡೆಯಬೇಕು. ಈ ಆಟದಲ್ಲಿ ಶತ್ರುವಿನ ಊರಿನ ಮೇಲೆ ಬಾಂಬು ಹಾಕುವ ಅವಕಾಶವಿಲ್ಲ. ತಡೆಯುವುದೊಂದೇ ಕೆಲಸ, ತಿಯೂರರ್ ಹಟ ಹಿಡಿದು ಹಾಗೆ ಇರಿಸಿದನು. ಮೊದಲು ಅವನು ಆರು ಪಟ್ಟಣಗಳನ್ನು ಕ್ಯಾಲಿಫೋರ್ನಿಯಾ ಕರಾವಳಿಯ ನಿಜವಾದ ಊರುಗಳೆಂದೇ ಭಾವಿಸಿಕೊಂಡಿದ್ದನು. ಆಮೇಲೆ ಹೆಸರುಗಳನ್ನು ತೆಗೆದುಹಾಕಲಾಯಿತು. ಆಡುವವನು ತನ್ನ ಊರನ್ನೇ ಅಲ್ಲಿ ಕಾಣಲಿ ಎಂಬ ಎಣಿಕೆಯಿದ್ದರೆ, ಹೆಸರು ಹೋದದ್ದೇ ಒಳ್ಳೆಯದಾಯಿತು ಎನ್ನಬೇಕು.

ಎಷ್ಟೇ ಜಾಣನಾದರೂ ಈ ಆಟವನ್ನು ಗೆಲ್ಲಲಾರನು. ಅಲೆಯ ಮೇಲೆ ಅಲೆ ಬರುತ್ತದೆ, ಗೆರೆಗಳು ಅರ್ಧದಾರಿಯಲ್ಲಿ ಕವಲೊಡೆಯುತ್ತವೆ, ಠಾಣೆಯ ಬಾಣ ಬರಿದಾಗುತ್ತದೆ. ಪಳಗಿದ ಆಟಗಾರರು ಬೇಗನೆ ಒಂದು ಯುಕ್ತಿ ಕಲಿತರು: ಆರನ್ನೂ ಉಳಿಸಲು ಹೊರಟರೆ ಆರೂ ಹೋಗುತ್ತವೆ, ಆದ್ದರಿಂದ ಕೆಲವು ಪಟ್ಟಣಗಳನ್ನು ಮೊದಲೇ ಕೈಬಿಡಬೇಕು. ಯಾವುದನ್ನು? ಅದನ್ನು ಆಟ ಹೇಳುವುದಿಲ್ಲ. ಹನ್ನೆರಡು ವರ್ಷದ ಹುಡುಗನೊಬ್ಬ, ಕಾಲು ಡಾಲರಿನ ನಾಣ್ಯ ಹಾಕಿ, ಅಣುಯುದ್ಧದಲ್ಲಿ ಯಾವ ಊರು ಸುಟ್ಟುಹೋಗಲಿ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕಾಗಿತ್ತು. ಎಲ್ಲ ಪಟ್ಟಣಗಳೂ ಸುಟ್ಟ ಮೇಲೆ, ಇತರ ಪೆಟ್ಟಿಗೆಗಳಂತೆ 'ಆಟ ಮುಗಿಯಿತು' ಎಂಬ ಮಾತು ಅಲ್ಲಿ ಬರುತ್ತಿರಲಿಲ್ಲ. ಸ್ಫೋಟದ ಬೆಳಕಿನ ನಡುವೆ 'ಅಂತ್ಯ' ಎಂಬರ್ಥದ ಎರಡೇ ಪದಗಳು ತೋರುತ್ತಿದ್ದುವು. ಆಡಿದ ಹುಡುಗರು ಎಷ್ಟು ಮಂದಿ ಇದನ್ನು ಮನಸ್ಸಿಗೆ ಹಚ್ಚಿಕೊಂಡರೋ, ರಚಿಸಿದವನಂತೂ ಹಚ್ಚಿಕೊಂಡನು. ಬೆಟ್ಟದ ಮೇಲೆ ನಡೆಯುತ್ತಿರುವಂತೆಯೂ, ಆಕಾಶದಲ್ಲಿ ಕ್ಷಿಪಣಿಯ ಗೆರೆ ಮೂಡಿದಂತೆಯೂ, ಇನ್ನು ಕೆಲವೇ ಕ್ಷಣಗಳಲ್ಲಿ ಎಲ್ಲವೂ ಭಸ್ಮವಾಗುವಂತೆಯೂ ಕನಸು ಕಂಡು ಬೆವತು ಏಳುತ್ತಿದ್ದೆನೆಂದು ತಿಯೂರರ್ ಮುಂದೆ ಹೇಳಿಕೊಂಡಿದ್ದಾನೆ. ಸೋವಿಯತ್ ಸೇನೆ ಅಫಘಾನಿಸ್ತಾನವನ್ನು ಹೊಕ್ಕು ವರ್ಷ ತುಂಬಿರದ ಕಾಲವದು. ಆ ಕನಸು ಅವನೊಬ್ಬನದೇ ಆಗಿರಲಿಲ್ಲ.

ಆದರೆ ಪಟ್ಟಣ ಎಂಬುದು ನಾಲ್ಕು ಚುಕ್ಕೆಗಳ ಗುಡ್ಡೆ, ಅದಕ್ಕೆ ಮುಖವಿಲ್ಲ. ಅಳು ಬರಬೇಕಾದರೆ ಮುಖ ಬೇಕು, ಮಾತು ಬೇಕು. 1983ರಲ್ಲಿ, ಆಗಷ್ಟೇ ಹುಟ್ಟಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಕಂಪನಿ ಪತ್ರಿಕೆಗಳಲ್ಲಿ ಒಂದು ಜಾಹಿರಾತು ಹಾಕಿತು. ಕಂಪ್ಯೂಟರು ನಿಮ್ಮ ಕಣ್ಣಲ್ಲಿ ನೀರು ತರಿಸಬಲ್ಲುದೇ ಎಂಬುದು ಅದರ ತಲೆಬರಹದ ಪ್ರಶ್ನೆ. ಜಾಹಿರಾತು ಕೊಟ್ಟವರಲ್ಲಿ ಆಗ ಉತ್ತರವಿರಲಿಲ್ಲ. ತಮಾಷೆಯೆಂದರೆ, ಉತ್ತರ ಅದೇ ವರ್ಷ ಬೇರೊಂದು ಕಂಪನಿಯಿಂದ ಬಂದಿತು.

ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ಜಿನಲ್ಲಿ ಇನ್‌ಫೊಕಾಮ್ ಎಂಬ ಸಂಸ್ಥೆಯಿತ್ತು. ಅವರ ಆಟಗಳಲ್ಲಿ ಚಿತ್ರವೇ ಇರುತ್ತಿರಲಿಲ್ಲ; ಬರಿಯ ಬರಹ. ಯಂತ್ರ ನಾಲ್ಕು ಸಾಲು ವರ್ಣನೆ ಬರೆಯುತ್ತದೆ, ನಾವು ಏನು ಮಾಡುತ್ತೇವೆಂದು ಟೈಪು ಮಾಡಬೇಕು, ಅದಕ್ಕೆ ತಕ್ಕಂತೆ ಕಥೆ ಮುಂದೆ ಸಾಗುತ್ತದೆ. ಸ್ಟೀವ್ ಮೆರೆಟ್ಸ್ಕಿ ಎಂಬ ಹಾಸ್ಯಪ್ರಿಯನು ಆ ಸಂಸ್ಥೆಗಾಗಿ 'ಪ್ಲಾನೆಟ್‌ಫಾಲ್' ಎಂಬ ಆಟವನ್ನು ಬರೆದನು. ನೌಕೆಯೊಡೆದು ನಿರ್ಜನ ಗ್ರಹವೊಂದಕ್ಕೆ ಬಂದು ಬಿದ್ದ ಕೆಳದರ್ಜೆಯ ಸಿಪಾಯಿ ನೀವು. ಅಲ್ಲಿ ನಿಮಗೆ ಸಿಗುವ ಒಬ್ಬನೇ ಜೊತೆಗಾರ ಫ್ಲಾಯ್ಡ್ ಎಂಬ ಯಂತ್ರಮಾನವ. ಅವನದು ಐದು ವರ್ಷದ ಮಗುವಿನ ಬುದ್ಧಿ. ಹಿಂದೆ ಮುಂದೆ ಸುಳಿಯುತ್ತಾನೆ, ಕಣ್ಣಾಮುಚ್ಚಾಲೆ ಆಡೋಣವೆನ್ನುತ್ತಾನೆ, ಕೇಳದಿದ್ದರೂ ಹರಟುತ್ತಾನೆ. ಆಡುವವರಿಗೆ ಮೊದಲು ಇದು ಪೀಡೆ ಎನಿಸುತ್ತದೆ; ಒಂದೆರಡು ಸಂಜೆ ಕಳೆಯುವಷ್ಟರಲ್ಲಿ, ಅವನಿಲ್ಲದ ಕೋಣೆ ಬಿಕೋ ಎನ್ನುತ್ತದೆ.

ಕಥೆಯ ಕೊನೆಯ ಭಾಗದಲ್ಲಿ ಒಂದು ಪ್ರಯೋಗಶಾಲೆ. ಒಳಗೆ ಕ್ರೂರ ಜಂತುಗಳು. ಅವುಗಳ ನಡುವೆ ನಿಮಗೆ ಬೇಕೇಬೇಕಾದ ಒಂದು ಚೀಟಿ. ನೀವು ಹೋದರೆ ಸಾವು ಖಂಡಿತ. ಫ್ಲಾಯ್ಡ್ ತಾನೇ ಹೋಗುತ್ತೇನೆಂದು ಮುಂದೆ ಬರುತ್ತಾನೆ. ಇಲ್ಲಿ ಮೆರೆಟ್ಸ್ಕಿ ಮಾಡಿದ ಕೆಲಸವನ್ನು ಗಮನಿಸಬೇಕು. ಫ್ಲಾಯ್ಡ್ ಹೋಗಬೇಕಾದರೆ ಬಾಗಿಲು ತೆರೆಯೆಂದು ನೀವು ಟೈಪು ಮಾಡಬೇಕು. ಅವನು ಒಳನುಗ್ಗಿದ ಮೇಲೆ ಬಾಗಿಲು ಹಾಕೆಂದು ಟೈಪು ಮಾಡಬೇಕು. ಹಾಕದಿದ್ದರೆ ಜಂತುಗಳು ನಿಮ್ಮ ಮೇಲೆ ಬೀಳುತ್ತವೆ. ಒಳಗಿನಿಂದ ಕಿರುಚಾಟ, ಲೋಹ ಹರಿಯುವ ಸದ್ದು. ನೀವು ಹೊರಗೆ ಕಾಯುತ್ತೀರಿ. ಕದ ತಟ್ಟಿದ ಸದ್ದಾದಾಗ ಮತ್ತೆ ತೆರೆಯಬೇಕು. ಚೀಟಿಯನ್ನು ಹಿಡಿದು ಚಿಂದಿಯಾದ ಫ್ಲಾಯ್ಡ್ ಹೊರಗುರುಳುತ್ತಾನೆ. ನಿಮ್ಮ ತೊಡೆಯ ಮೇಲೆ ತಲೆಯಿಟ್ಟು, ತನಗಿಷ್ಟವಾದ ಹಾಡನ್ನು ನಿಮ್ಮಿಂದ ಹೇಳಿಸಿಕೊಂಡು, ಸ್ತಬ್ಧನಾಗುತ್ತಾನೆ. ಬರಿಯ ಅಕ್ಷರಗಳು! ಆದರೂ ಎಷ್ಟೋ ಮಂದಿ ಅಂದು ತಮ್ಮ ಕಂಪ್ಯೂಟರಿನ ಮುಂದೆ ಅತ್ತದ್ದನ್ನು ಇಂದಿಗೂ ನೆನೆಯುತ್ತಾರೆ. ಕಥೆ ಸುಖಾಂತವಾದರೆ ಫ್ಲಾಯ್ಡನನ್ನು ರಿಪೇರಿ ಮಾಡಿ ಮರಳಿ ತರುವುದೂ ಉಂಟು. ನನ್ನ ಮಟ್ಟಿಗೆ ಅದು ಸಿಹಿ ಹೆಚ್ಚಾದ ಪಾಯಸ. ಬಾಗಿಲು ಹಾಕಿದ ಕೈ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಇಷ್ಟಾದರೂ 'ಪ್ಲಾನೆಟ್‌ಫಾಲ್' ಆಟದಲ್ಲಿ ಬೇರೆ ದಾರಿ ಇರಲಿಲ್ಲ. ದಾರಿ ಎರಡಿದ್ದು, ಎರಡೂ ಸರಿಯಾಗಿದ್ದು, ಒಂದನ್ನು ಬಿಡಲೇಬೇಕಾದಾಗ ಹುಟ್ಟುವುದು ಧರ್ಮಸಂಕಟ. ಅದನ್ನು ಆಟದ ಅಂಗಳಕ್ಕೆ ತಂದವನು ರಿಚರ್ಡ್ ಗ್ಯಾರಿಯಟ್. ಗಗನಯಾತ್ರಿ ಓವನ್ ಗ್ಯಾರಿಯಟ್ಟನ ಮಗ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೇ 'ಅಲ್ಟಿಮಾ' ಎಂಬ ಸಾಹಸಕಥೆಗಳ ಮಾಲೆಯಿಂದ ಹೆಸರು ಮಾಡಿದವನು. ಅವನ ಮೊದಲ ಆಟಗಳ ರೀತಿ ಎಲ್ಲರದೂ ಆಗಿತ್ತು. ದುಷ್ಟನೊಬ್ಬನನ್ನು ಕೊಲ್ಲಬೇಕು, ಅದಕ್ಕೆ ಹಣ ಬೇಕು, ಬಲ ಬೇಕು, ಆದ್ದರಿಂದ ಆಡುವವರು ಅಂಗಡಿಯಲ್ಲಿ ಕದಿಯುತ್ತಿದ್ದರು, ತಮಗೆ ನೆರವಾದ ಊರವರನ್ನೇ ಕೊಂದು ದೋಚುತ್ತಿದ್ದರು, ಕೊನೆಗೆ ಲೋಕೋದ್ಧಾರಕರೆಂಬ ಬಿರುದನ್ನೂ ಪಡೆಯುತ್ತಿದ್ದರು. 1983ರಲ್ಲಿ ಮಾಲೆಯ ಮೂರನೆಯ ಆಟವನ್ನು ಸ್ವಂತ ಕಂಪನಿಯಿಂದ ಹೊರಡಿಸಿದಾಗ, ಜನರ ಕಾಗದಗಳು ಮೊತ್ತಮೊದಲ ಬಾರಿಗೆ ನೇರವಾಗಿ ಗ್ಯಾರಿಯಟ್ಟನ ಮೇಜಿಗೇ ಬಂದುವು. ಕೆಲವು ತಾಯಿತಂದೆಗಳು, ನಿನ್ನ ಆಟ ಮಕ್ಕಳನ್ನು ಕೆಡಿಸುತ್ತದೆ ಎಂದು ಕಟುವಾಗಿ ಬರೆದಿದ್ದರು. ಈ ದೂರು ಎಲ್ಲ ಕಾಲದಲ್ಲೂ ಇರುವುದೇ; ಕಾದಂಬರಿಯ ಮೇಲೂ ಇತ್ತು, ನಾಟಕದ ಮೇಲೂ ಇತ್ತು, ಸಿನಿಮಾದ ಮೇಲಂತೂ ಸರಿಯೇ. ಬಹುಮಂದಿ ಕರ್ತೃಗಳು ಇಂಥ ಕಾಗದಗಳನ್ನು ಬುಟ್ಟಿಗೆ ಹಾಕುತ್ತಾರೆ. ಗ್ಯಾರಿಯಟ್ ಓದಿ ಯೋಚಿಸಿದನು.

1985ರಲ್ಲಿ ಹೊರಬಂದ ನಾಲ್ಕನೆಯ ಆಟದಲ್ಲಿ ಕೊಲ್ಲಬೇಕಾದ ದುಷ್ಟನೇ ಇರಲಿಲ್ಲ. ಸತ್ಯ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಪಕ್ವನಾಗಿ 'ಅವತಾರ' ಎನಿಸಿಕೊಳ್ಳುವುದೇ ಗುರಿ. ಹೌದು, ನಮ್ಮದೇ ಪದ! ಆಟದ ಹೆಸರಿನಲ್ಲೇ ಅದು ಕುಳಿತಿದೆ. ಗುಣಕ್ಕೊಂದು ಗುಡಿ; ಗುಡಿಗೊಂದು ಮಂತ್ರ; ಆ ಮಂತ್ರವನ್ನು ಕೀಲಿಮಣೆಯ ಮೇಲೆ ಒತ್ತಿ ಧ್ಯಾನ ಮಾಡಬೇಕು. ಅಧ್ಯಾತ್ಮದ ಗುಡಿಯ ಮಂತ್ರ 'ಓಂ'. ಇಂದು ಪರದೆಯ ಮೇಲೆ ನಮ್ಮ ಪರವಾಗಿ ಓಡಾಡುವ ಗೊಂಬೆಗೆಲ್ಲ 'ಅವತಾರ್' ಎಂಬ ಹೆಸರು ಲೋಕದಲ್ಲಿ ರೂಢಿಯಾಗಿದೆ. ಆ ರೂಢಿಗೆ ದಾರಿ ಮಾಡಿದವುಗಳಲ್ಲಿ ಇದೂ ಒಂದು. ವೈಕುಂಠದಿಂದ ಇಳಿದ ಪದ ಟೆಕ್ಸಾಸಿಗೆ ಹೋಗಿ, ಅಲ್ಲಿಂದ ನಮ್ಮ ಮಕ್ಕಳ ಫೋನಿಗೆ ಮರಳಿದೆ.

ಆಟದ ಆರಂಭದಲ್ಲಿ ಜಾತ್ರೆಯ ಬಂಡಿಯೊಂದರಲ್ಲಿ ಕಣಿ ಹೇಳುವವಳೊಬ್ಬಳು ಎದುರಾಗುತ್ತಾಳೆ. ಎರಡೆರಡು ಚೀಟಿ ಹರಡಿ ಪ್ರಶ್ನೆ ಹಾಕುತ್ತಾಳೆ. ಒಬ್ಬರಿಗೆ ತಲುಪಿಸಲೆಂದು ನಿನಗೊಂದು ಹಣದ ಚೀಲ ಒಪ್ಪಿಸಿದ್ದಾರೆ. ಹಣವನ್ನು ಯಾರೂ ಎಣಿಸಿಲ್ಲ. ದಾರಿಯಲ್ಲಿ ಹಸಿದ ಭಿಕ್ಷುಕ ಸಿಗುತ್ತಾನೆ. ಒಂದು ನಾಣ್ಯ ಕೊಟ್ಟು ಕರುಣೆಯನ್ನು ಉಳಿಸುತ್ತೀಯೋ, ಚೀಲವನ್ನು ಹಾಗೆಯೇ ತಲುಪಿಸಿ ಸತ್ಯವನ್ನು ಉಳಿಸುತ್ತೀಯೋ? ಮೂರನೆಯ ಉತ್ತರವಿಲ್ಲ. ತಪ್ಪು ಉತ್ತರವೂ ಇಲ್ಲ. ಹೀಗೆ ಎಂಟು ಗುಣಗಳನ್ನು ಒಂದರ ಮೇಲೊಂದು ಕಾಳಗಕ್ಕೆ ಬಿಟ್ಟು, ಕೊನೆಗುಳಿದ ಗುಣಕ್ಕೆ ತಕ್ಕ ವೃತ್ತಿಯನ್ನು ನಿಮಗೆ ಕೊಡುತ್ತಾಳೆ. ವಿನಯವನ್ನೇ ಉಳಿಸಿಕೊಂಡವನು ಕುರುಬನಾಗಿ ಹುಟ್ಟುತ್ತಾನೆ. ಆಟದಲ್ಲಿ ಎಲ್ಲರಿಗಿಂತ ದುರ್ಬಲನೂ ಅವನೇ.

ಆಮೇಲಿನ ಪರೀಕ್ಷೆ ಇನ್ನೂ ಸೂಕ್ಷ್ಮ. ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳ ಅಂಗಡಿಯಿದೆ. ಬೆಲೆ ಹೇಳುವುದು ಅವಳು. ಹಣವನ್ನು ಎಣಿಸಿ ಇಡುವುದು ನೀವು. ಹತ್ತರ ಬದಲು ಒಂದಿಟ್ಟರೂ ಅವಳಿಗೆ ತಿಳಿಯದು, ಸಿಪಾಯಿ ಬರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಯಂತ್ರ ಮಾತ್ರ ಒಳಗೊಳಗೇ ಚಿತ್ರಗುಪ್ತನಂತೆ ಬರೆದುಕೊಳ್ಳುತ್ತದೆ. ಎಷ್ಟೋ ಸಂಜೆಗಳ ಬಳಿಕ ಸತ್ಯದ ಗುಡಿಯಲ್ಲಿ ಬಾಗಿಲು ತೆರೆಯದಿದ್ದಾಗ, ಆಡುವವನಿಗೆ ಆ ಕುರುಡಿ ನೆನಪಾಗಬೇಕು.

ಇದರ ದೌರ್ಬಲ್ಯವೂ ಬೇಗ ಬಯಲಾಯಿತು. ಭಿಕ್ಷುಕನಿಗೆ ಒಂದೊಂದೇ ನಾಣ್ಯವನ್ನು ಮತ್ತೆ ಮತ್ತೆ ಕೊಟ್ಟರೆ ಕರುಣೆಯ ಲೆಕ್ಕ ಏರುತ್ತದೆಂದು ಜಾಣರು ಕಂಡುಹಿಡಿದರು. ಗುಣಕ್ಕೆ ಅಂಕ ಕೊಟ್ಟ ಕೂಡಲೇ ಅದು ವ್ಯಾಪಾರವಾಗುತ್ತದೆ. ಪುಣ್ಯ ಸಂಪಾದನೆಗೆಂದು ಗುಡಿಯ ಮುಂದೆ ಚಿಲ್ಲರೆ ಎಸೆದು ಹೋಗುವವರನ್ನು ನಾವೂ ಕಂಡಿಲ್ಲವೇ? ಗ್ಯಾರಿಯಟ್ಟನಿಗೂ ಇದು ಹೊಳೆದಿರಬೇಕು. ಏಕೆಂದರೆ 1988ರ ಐದನೆಯ ಆಟದಲ್ಲಿ ಅವನು ಅಂಕವೇ ಇಲ್ಲದ ಒಂದು ಕೋಣೆಯನ್ನು ಇರಿಸಿದನು. ನೆಲಮಾಳಿಗೆಯ ಆ ಕೋಣೆಯಲ್ಲಿ ಮಕ್ಕಳನ್ನು ಪಂಜರಗಳಲ್ಲಿ ಕೂಡಿಹಾಕಲಾಗಿದೆ. ಕನಿಕರದಿಂದ ಬಿಡಿಸಿದಿರೋ, ಆ ಮಕ್ಕಳೇ ಮೇಲೆ ಬಿದ್ದು ಕಚ್ಚುತ್ತವೆ. ಮಕ್ಕಳ ರೂಪದ ಪಿಶಾಚಿಗಳವು. ಈಗೇನು ಮಾಡುವಿರಿ?

ಆಟವನ್ನು ಪರೀಕ್ಷಿಸುತ್ತಿದ್ದವನೊಬ್ಬ, ಇದು ಮಕ್ಕಳ ಕೊಲೆಗೆ ಪ್ರೋತ್ಸಾಹ ಎಂದು ಕೆರಳಿ ದೂರಿತ್ತನು. ಕಂಪನಿಯ ವ್ಯವಹಾರ ನೋಡುತ್ತಿದ್ದ ಅಣ್ಣ ರಾಬರ್ಟ್, ಕೋಣೆಯನ್ನು ತೆಗೆದುಹಾಕೆಂದು ಒತ್ತಾಯ ಮಾಡಿದನು. ರಿಚರ್ಡ್ ಒಪ್ಪಲಿಲ್ಲ. ಕೊಲ್ಲಲೇಬೇಕೆಂದು ಯಾರು ಹೇಳಿದರು? ಬಿಡಿಸದೆ ಹೋಗಬಹುದು, ಮಂತ್ರದಿಂದ ನಿದ್ರೆ ಬರಿಸಬಹುದು, ಓಡಿಹೋಗಬಹುದು. ಒಬ್ಬನ ಮನಸ್ಸನ್ನು ಇದು ಇಷ್ಟು ಕದಡಿತೆಂದರೆ ಕೋಣೆ ಗೆದ್ದಂತೆಯೇ ಎಂದು ಅವನ ವಾದ. ಕೋಣೆ ಉಳಿಯಿತು. ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಮನಸ್ಸನ್ನು ಕದಡುವುದೇ ಗುಣವಾದರೆ ಬೀದಿಯ ಅಪಘಾತವೂ ಕಲೆಯಾದೀತು. ಆದರೆ ಅಂಕವಿಲ್ಲದೆ, ಸಾಕ್ಷಿಯಿಲ್ಲದೆ, ಆಡುವವನನ್ನು ಅವನ ಮನಸ್ಸಾಕ್ಷಿಯೊಡನೆ ಒಂಟಿಯಾಗಿ ಬಿಟ್ಟದ್ದು ದೊಡ್ಡ ಹೆಜ್ಜೆ.

ಇದಕ್ಕೆ ಎರಡು ವರ್ಷ ಮೊದಲೇ, 1986ರಲ್ಲಿ, ಬ್ರಯಾನ್ ಮೊರಿಯಾರ್ಟಿ ಎಂಬವನು ಮೊದಲ ಅಣುಬಾಂಬಿನ ಪರೀಕ್ಷೆಯನ್ನು ವಸ್ತುವಾಗಿಟ್ಟುಕೊಂಡು 'ಟ್ರಿನಿಟಿ' ಎಂಬ ಬರಹದ ಆಟವನ್ನು ರಚಿಸಿದ್ದನು. ಅದರಲ್ಲಿ ಒಂದು ಪುಟ್ಟ ಹಲ್ಲಿಯಂಥ ಪ್ರಾಣಿಯನ್ನು ಹಿಡಿದು ಜೇಬಿನಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಅದನ್ನು ಸ್ವಂತ ಕೈಯಿಂದ ಕೊಲ್ಲಬೇಕು, ಬೇರೆ ದಾರಿಯಿಲ್ಲ. ಲಕ್ಷ ಜನರನ್ನು ಸುಟ್ಟ ಬಾಂಬಿನ ಕಥೆಯಲ್ಲಿ ಆಡುವವರ ಮನಸ್ಸನ್ನು ಚುಚ್ಚಿದ್ದು ಜೇಬಿನ ಒಂದು ಹಲ್ಲಿ.

ತೊಂಬತ್ತರ ದಶಕವನ್ನು ಇಲ್ಲಿ ವೇಗವಾಗಿ ದಾಟಬಹುದು. 1996ರಲ್ಲಿ ಜಪಾನಿನ ಬಂದಾಯ್ ಕಂಪನಿ ಮೊಟ್ಟೆಯಾಕಾರದ 'ತಮಗೋಚಿ' ಎಂಬ ಆಟಿಕೆಯನ್ನು ಮಾರಿತು. ಉಣಿಸದಿದ್ದರೆ ಒಳಗಿನ ಚುಕ್ಕೆಯ ಮರಿ ಸಾಯುತ್ತಿತ್ತು, ಮಕ್ಕಳು ಶಾಲೆಯಲ್ಲಿ ಅಳುತ್ತಿದ್ದರು, ಎಷ್ಟೋ ಶಾಲೆಗಳು ಅದನ್ನು ನಿಷೇಧಿಸಿದುವು. 1997ರಲ್ಲಿ ಅದೇ ದೇಶದಿಂದ ಬಂದ 'ಫೈನಲ್ ಫ್ಯಾಂಟಸಿ' ಮಾಲೆಯ ಏಳನೆಯ ಆಟದಲ್ಲಿ, ಹೂ ಮಾರುವ ಹುಡುಗಿ ಏರಿತ್ ಕಥೆಯ ನಡುವೆಯೇ ಹಠಾತ್ತಾಗಿ ಕೊಲೆಯಾಗುತ್ತಾಳೆ. ಅವಳನ್ನು ಬದುಕಿಸುವ ಗುಟ್ಟು ಆಟದಲ್ಲಿ ಎಲ್ಲೋ ಅಡಗಿದೆಯೆಂಬ ವದಂತಿ ವರ್ಷಗಟ್ಟಲೆ ಸುತ್ತಾಡಿತು; ಜನ ರಾತ್ರಿಯೆಲ್ಲ ಹುಡುಕಿದರು. ಅಂಥ ಗುಟ್ಟು ಇರಲಿಲ್ಲ. ಲೇಡಿ ಬ್ರಾಡ್‌ಶೇಯ ಮೊಮ್ಮಕ್ಕಳು ಎನ್ನಬೇಕು, ಇವರು.

ಈ ಅಕ್ಕರೆ ಸಿಟ್ಟಿಗೆ ತಿರುಗಿದ ಪ್ರಸಂಗವೂ ನೋಡತಕ್ಕದ್ದು. ಕೆನಡಾ ದೇಶದ ಬಯೋವೇರ್ ಕಂಪನಿಯ 'ಮಾಸ್ ಎಫೆಕ್ಟ್' ಎಂಬ ಮೂರು ಭಾಗಗಳ ಕಥೆಯಲ್ಲಿ, ಒಂದು ಭಾಗದಲ್ಲಿ ನೀವು ಮಾಡಿದ ತೀರ್ಮಾನ ಮುಂದಿನ ಭಾಗಕ್ಕೂ ಒಯ್ಯಲ್ಪಡುತ್ತಿತ್ತು. ಉಳಿಸಿದವನು ವರ್ಷಗಳ ಬಳಿಕ ಎದುರಾಗುತ್ತಿದ್ದನು, ಕೈಬಿಟ್ಟವನು ಬರುತ್ತಿರಲಿಲ್ಲ. ಐದು ವರ್ಷ ಹೀಗೆ ಮನಸ್ಸು ತೊಡಗಿಸಿದವರಿಗೆ 2012ರ ಮಾರ್ಚಿನಲ್ಲಿ ಬಂದ ಕೊನೆಯ ಭಾಗ, ಬಣ್ಣ ಬೇರೆಯಾದರೂ ಹುರುಳು ಒಂದೇ ಎನ್ನುವಂಥ ಮೂರು ಮುಕ್ತಾಯಗಳನ್ನು ಕೊಟ್ಟಿತು. ಕೂಗೆದ್ದಿತು. ಕೆಲವರು ಬಲು ಮೋಜಿನ ಪ್ರತಿಭಟನೆ ಹೂಡಿದರು: ಚಂದಾ ಎತ್ತಿ, ಕೆಂಪು ನೀಲಿ ಹಸಿರು ಬಣ್ಣದ ನಾನೂರಕ್ಕೂ ಮಿಕ್ಕಿದ ಪುಟ್ಟ ಕೇಕುಗಳನ್ನು ಕಂಪನಿಯ ಕಚೇರಿಗೆ ಕಳುಹಿಸಿದರು. ಬಣ್ಣ ಮೂರು, ರುಚಿ ಮಾತ್ರ ಒಂದೇ. ಕಂಪನಿಯವರು ಕೇಕುಗಳನ್ನು ದಾನ ಮಾಡಿ, ಮೂರು ತಿಂಗಳಲ್ಲಿ ಮುಕ್ತಾಯವನ್ನು ಬೆಳೆಸಿ ಬಿಟ್ಟಿಯಾಗಿ ಹಂಚಿದರು. ಎಲ್ಲರೂ ಇಷ್ಟು ರಸಿಕರಲ್ಲ. 2020ರಲ್ಲಿ 'ದಿ ಲಾಸ್ಟ್ ಆಫ್ ಅಸ್' ಕಥೆಯ ಎರಡನೆಯ ಭಾಗ ಬಂದಾಗ, ಮೆಚ್ಚಿನ ಪಾತ್ರವನ್ನು ಕೊಲ್ಲುವ ಹೆಂಗಸಿಗೆ ಧ್ವನಿ ಕೊಟ್ಟ ನಟಿಗೆ ಕೊಲೆ ಬೆದರಿಕೆಗಳು ಬಂದುವು. ವೇಷಕ್ಕೂ ಮನುಷ್ಯನಿಗೂ ಅಂತರ ಕಾಣದ ಪ್ರೀತಿ ಅದು. ಅದನ್ನು ಪ್ರೀತಿ ಎನ್ನಬಾರದು.

ಬಯೋವೇರಿನ ಮಾತು ಬಂದಾಗ ಇನ್ನೊಂದು ಸಂಗತಿ. ಆ ಆಟದಲ್ಲಿ ಸೌಮ್ಯನಾಗಿಯೂ ನಡೆಯಬಹುದು, ಕ್ರೂರನಾಗಿಯೂ ನಡೆಯಬಹುದು. ಅಲ್ಲಿ ಕೆಲಸ ಮಾಡಿದ್ದವನೊಬ್ಬ 2020ರಲ್ಲಿ ಹೇಳಿದ ಪ್ರಕಾರ ನೂರಕ್ಕೆ ತೊಂಬತ್ತೆರಡರಷ್ಟು ಮಂದಿ ಸೌಮ್ಯ ದಾರಿಯನ್ನೇ ಹಿಡಿದರು. ಕ್ರೂರನಿಗಾಗಿ ಬರೆದ ಸಂಭಾಷಣೆಯ ಬಹುಭಾಗವನ್ನು ಕೇಳಿದವರೇ ಕಡಿಮೆ. ಯಾರೂ ನೋಡದ ಕೋಣೆಯಲ್ಲಿ, ಶಿಕ್ಷೆಯ ಭಯವಿಲ್ಲದೆ, ಸುಳ್ಳು ಮನುಷ್ಯರ ನಡುವೆಯೂ ಜನ ಒಳ್ಳೆಯವರಾಗಿರಲು ಬಯಸುತ್ತಾರೆ. ಪರದೆಯಿಂದ ಮಕ್ಕಳು ಕೆಡುತ್ತಾರೆಂದು ಕಾಗದ ಬರೆದ ತಾಯಿತಂದೆಗಳಿಗೆ ಈ ಅಂಕಿ ತಿಳಿಯಬೇಕಾಗಿತ್ತು.

ಆದರೆ ಸೌಮ್ಯನಾಗಿರುವುದಕ್ಕೆ ಅಲ್ಲಿ ಖರ್ಚೇನೂ ಇರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರವೆಂಬಂತೆ 2013ರಲ್ಲಿ ಬಂದದ್ದು 'ಪೇಪರ್ಸ್, ಪ್ಲೀಸ್'. ಜಪಾನಿನಲ್ಲಿ ನೆಲಸಿದ್ದ ಲೂಕಸ್ ಪೋಪ್ ಎಂಬ ಅಮೆರಿಕದವನು ಒಂಟಿಯಾಗಿ ಕಟ್ಟಿದ ಆಟ. ಕಾಲ 1982, ಆರ್ಸ್ಟೊಟ್ಸ್ಕ ಎಂಬ ಕಲ್ಪಿತ ಸರ್ವಾಧಿಕಾರಿ ರಾಜ್ಯ, ಗಡಿಯಲ್ಲಿ ರಹದಾರಿ ನೋಡಿ ಮುದ್ರೆಯೊತ್ತುವ ಗುಮಾಸ್ತ ನೀವು. ಕತ್ತಿಯಿಲ್ಲ, ರಾಕ್ಷಸನಿಲ್ಲ, ಕಾಗದಪತ್ರ ಮಾತ್ರ. ಎಷ್ಟು ಜನರನ್ನು ಸರಿಯಾಗಿ ಪರೀಕ್ಷಿಸಿದಿರೋ ಅಷ್ಟು ಕೂಲಿ. ಸಂಜೆ ಆ ಕೂಲಿಯಲ್ಲಿ ಬಾಡಿಗೆ, ಊಟ, ಚಳಿಗೆ ಶಾಖ, ಕಾಯಿಲೆಯವರಿಗೆ ಔಷಧ — ಎಲ್ಲವನ್ನೂ ಸರಿದೂಗಿಸಬೇಕು. ಸರಿದೂಗುವುದಿಲ್ಲ. ತಿಂಗಳ ಕೊನೆಯ ವಾರವನ್ನು ಬಲ್ಲ ಯಾವ ಸಂಸಾರಸ್ಥನಿಗೂ ಈ ಪುಟವನ್ನು ವಿವರಿಸಬೇಕಾಗಿಲ್ಲ.

ಒಂದು ದಿನ ಕಿಟಕಿಗೆ ಒಬ್ಬ ಗಂಡಸು ಬರುತ್ತಾನೆ. ಕಾಗದ ಎಲ್ಲ ಸರಿಯಾಗಿದೆ. ನನ್ನ ಹಿಂದೆಯೇ ಹೆಂಡತಿ ಇದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಎಂದು ಹೇಳಿ ಒಳಗೆ ಹೋಗುತ್ತಾನೆ. ಹೆಂಡತಿ ಬರುತ್ತಾಳೆ. ಅವಳಲ್ಲಿ ಪ್ರವೇಶದ ಪರವಾನಗಿಯಿಲ್ಲ. ಹಿಂದಿರುಗಿ ಕಳುಹಿಸಿದರೆ ಸಾವೇ ಗತಿ ಎನ್ನುತ್ತಾಳೆ. ಬಿಟ್ಟರೆ ನಿಮಗೆ ತಪ್ಪಿನ ಚೀಟಿ ಬರುತ್ತದೆ. ದಿನಕ್ಕೆ ಮೊದಲ ಎರಡು ತಪ್ಪಿಗೆ ದಂಡವಿಲ್ಲ, ಮೂರನೆಯದರಿಂದ ಕೂಲಿ ಕಡಿತ. ಪೋಪನ ಜಾಣತನವೆಲ್ಲ ಈ ಎರಡು ಚೀಟಿಗಳಲ್ಲಿದೆ. ದಯೆ ತೋರಲು ದಿನಕ್ಕೆ ಎರಡು ಅವಕಾಶ ನಿಮ್ಮ ಜೇಬಿನಲ್ಲಿವೆ. ಆದರೆ ಕೆಲಸದ ಆತುರದಲ್ಲಿ, ಒಂದು ತಾರೀಖು ಕಣ್ತಪ್ಪಿ, ಅವೆರಡೂ ಆಗಲೇ ಖರ್ಚಾಗಿದ್ದರೆ? ಆಗ ಆ ಹೆಂಗಸಿನ ತೂಕ ಮನೆಯಲ್ಲಿ ಕೆಮ್ಮುತ್ತಿರುವ ಮಗನ ಔಷಧದ ಎದುರಿಗೆ ಬೀಳುತ್ತದೆ. ಕ್ರೂರಿಗಳೇ ಇಲ್ಲದ ಕಚೇರಿಯಲ್ಲಿ ಕ್ರೌರ್ಯ ಹೇಗೆ ನಡೆಯುತ್ತದೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ನಾಟಕವನ್ನಾಗಲಿ ಕಾದಂಬರಿಯನ್ನಾಗಲಿ ನಾನು ಹೆಚ್ಚು ಕಂಡಿಲ್ಲ. ಇದರಲ್ಲಿ ಹೆಂಗಸನ್ನು ತಡೆದವರೆಲ್ಲ ಕೆಟ್ಟವರಲ್ಲ. ತಡೆದವರು ಮುದ್ರೆಯ ಆ 'ಠಪ್' ಎಂಬ ಸದ್ದನ್ನು ಮರೆಯುವುದೂ ಇಲ್ಲ.

ಆದರೂ ಇಂಥ ಆಟದಲ್ಲಿ ಒಂದು ಕಳ್ಳದಾರಿ ಇದ್ದೇ ಇದೆ. ಮಾಡಿದ್ದು ಹಿಡಿಸದಿದ್ದರೆ ಯಂತ್ರವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಆಡಬಹುದು. ಬಾಳಿನಲ್ಲಿ ಇಲ್ಲದ ಈ ಸೌಲಭ್ಯವಿರುವಾಗ ಪಶ್ಚಾತ್ತಾಪಕ್ಕೆ ಬೆಲೆಯೇನು? ಟೋಬಿ ಫಾಕ್ಸ್ ಎಂಬ ತರುಣ 2015ರ ತನ್ನ 'ಅಂಡರ್‌ಟೇಲ್' ಆಟದಲ್ಲಿ ಇದಕ್ಕೂ ಒಂದು ಬೀಗ ಹಾಕಿದನು. ಆರಂಭದಲ್ಲಿ ಟೋರಿಯಲ್ ಎಂಬ ತಾಯಿಯಂಥ ಪ್ರಾಣಿ ನಿಮ್ಮನ್ನು ಸಾಕುತ್ತಾಳೆ. ಹೊರಗಿನ ಲೋಕ ಅಪಾಯವೆಂದು ದಾರಿಗಡ್ಡ ನಿಲ್ಲುತ್ತಾಳೆ. ಎಷ್ಟೋ ಮಂದಿ ಬೇರೆ ಉಪಾಯ ಕಾಣದೆ ಅವಳನ್ನು ಕೊಂದರು, ಕೊಂದು ಮರುಗಿದರು, ಹಿಂದಕ್ಕೆ ಹೋಗಿ ಈ ಸಲ ಉಳಿಸಿದರು. ಆಮೇಲೆ ಎದುರಾದ ಹೂವಿನ ರೂಪದ ಖಳನೊಬ್ಬ, ನೀನು ಅವಳನ್ನು ಕೊಂದದ್ದು ನನಗೆ ಗೊತ್ತು, ಹಿಂದಕ್ಕೆ ಬಂದು ತಿದ್ದಿಕೊಂಡದ್ದೂ ಗೊತ್ತು ಎಂದು ಹಲ್ಲು ಕಿರಿಯುತ್ತಾನೆ. ಅಳಿಸಿಹಾಕಿದ ಅಪರಾಧವನ್ನು ಯಂತ್ರ ನೆನಪಿಟ್ಟುಕೊಂಡಿರುತ್ತದೆ.

ಇವೆಲ್ಲ ಕಲ್ಪಿತ ರಾಜ್ಯಗಳ ಮಾತಾಯಿತು. ಪೋಲೆಂಡಿನ ವಾರ್ಸಾ ನಗರದ ಇಲೆವೆನ್ ಬಿಟ್ ಎಂಬ ಸಂಸ್ಥೆ 2014ರಲ್ಲಿ ಹೊರತಂದ 'ದಿಸ್ ವಾರ್ ಆಫ್ ಮೈನ್' ಆಟದಲ್ಲಿಯೂ ಊರಿನ ಹೆಸರು ಕಲ್ಪಿತವೇ. ಆದರೆ ಅದರ ಬೇರು ಸರಾಯೆವೊ ಮುತ್ತಿಗೆಯಲ್ಲಿದೆ. ಯುದ್ಧದ ಆಟಗಳಲ್ಲಿ ನಾವು ಯಾವಾಗಲೂ ಸೈನಿಕರು. ಇಲ್ಲಿ ಹಾಗಲ್ಲ; ಸೈನಿಕರ ಗುಂಡಿಗೆ ಹೆದರಿ, ಒಡೆದ ಮನೆಯೊಂದರಲ್ಲಿ ಅಡಗಿರುವ ಮೂರು ನಾಲ್ಕು ಸಾಮಾನ್ಯರು. ಒಬ್ಬ ಅಡಿಗೆಯವನು, ಒಬ್ಬಳು ವರದಿಗಾರ್ತಿ, ಒಬ್ಬ ಚೆಂಡಾಟಗಾರ. ಹಗಲು ಹೊರಗೆ ತಲೆ ಹಾಕುವಂತಿಲ್ಲ. ರಾತ್ರಿ ಒಬ್ಬರು ಹೋಗಿ ಅನ್ನ, ಔಷಧ, ಕಟ್ಟಿಗೆ ಹುಡುಕಿ ತರಬೇಕು.

ಹುಡುಕಬಹುದಾದ ಮನೆಗಳಲ್ಲಿ ಒಂದರಲ್ಲಿ ಮುದುಕ ಮುದುಕಿ ಇಬ್ಬರೇ ಇದ್ದಾರೆ. ಮನೆ ತುಂಬ ಸಾಮಾನು. ಶೀತಪೆಟ್ಟಿಗೆಯಲ್ಲಿ ತಿನಿಸು, ಕಪಾಟಿನಲ್ಲಿ ಔಷಧ. ಅವರ ಕೈಯಲ್ಲಿ ಆಯುಧವಿಲ್ಲ. ಮುದುಕ ಹಿಂದೆ ಹಿಂದೆ ಬಂದು, ಬೇಡಪ್ಪ, ಬೇಡ ಎನ್ನುತ್ತಾನೆ, ಅಷ್ಟೇ. ನಿಮ್ಮ ಮನೆಯಲ್ಲಿ ಒಬ್ಬ ಜ್ವರದಿಂದ ನರಳುತ್ತಿದ್ದಾನೆ. ಎತ್ತಿಕೊಂಡು ಬಂದರೆ ತಡೆಯುವವರಿಲ್ಲ, ಆಟ ನಿಮಗೆ ಶಿಕ್ಷೆಯನ್ನೂ ಕೊಡುವುದಿಲ್ಲ. ಆದರೆ ಬೆಳಗ್ಗೆ ಆ ಔಷಧ ಕುಡಿದು ಎದ್ದವನು ತಲೆತಗ್ಗಿಸಿ ಕೂಡುತ್ತಾನೆ; ತಂದವನು ಊಟ ಮಾಡದೆ ಮೂಲೆ ಹಿಡಿಯುತ್ತಾನೆ; ಕೆಲಸ ಹೇಳಿದರೆ ಆಗುವುದಿಲ್ಲ ಎನ್ನುತ್ತಾನೆ. ಗ್ಯಾರಿಯಟ್ಟನ ಚಿತ್ರಗುಪ್ತ ಇಲ್ಲಿ ಕಡತ ಬಿಟ್ಟು ಪಾತ್ರಗಳ ಎದೆಯೊಳಗೆ ಹೊಕ್ಕಿದ್ದಾನೆ. ಆ ಮನೆಯ ಬಾಗಿಲಿಂದ ಬರಿಗೈಯಲ್ಲಿ ಮರಳಿ, ಮರುದಿನ ತಮ್ಮವನೊಬ್ಬ ಸತ್ತದ್ದನ್ನು ಕಂಡ ಆಟಗಾರರೂ ಇದ್ದಾರೆ. ಅವರಿಗೂ ಸಮಾಧಾನವಿಲ್ಲ.

2020ರ ಜೂನಿನಲ್ಲಿ ಪೋಲೆಂಡಿನ ಅಂದಿನ ಪ್ರಧಾನಿ ಮತೆಯುಶ್ ಮೊರಾವಿಯೆಟ್ಸ್ಕಿ, ಈ ಆಟವನ್ನು ಪ್ರೌಢಶಾಲೆಯ ವಾಚನ ಪಟ್ಟಿಗೆ ಸೇರಿಸುವುದಾಗಿ ಸಾರಿದನು. ಹದಿನೆಂಟು ತುಂಬಿದ ವಿದ್ಯಾರ್ಥಿಗಳಿಗೆ ನೀತಿಶಾಸ್ತ್ರ, ತತ್ತ್ವಶಾಸ್ತ್ರ, ಸಮಾಜಶಾಸ್ತ್ರ, ಚರಿತ್ರೆಗಳ ಪಾಠದಲ್ಲಿ ಕಾದಂಬರಿ ಕಾವ್ಯಗಳ ಪಕ್ಕದಲ್ಲಿ ಒಂದು ಆಟ. ಕಡ್ಡಾಯವಲ್ಲ, ಶಿಫಾರಸು. 1944ರಲ್ಲಿ ಮನೆಮನೆಯೂ ನೆಲಸಮವಾದ ನಗರದಲ್ಲಿ ಕೂತು ಕಟ್ಟಿದ ಆಟಕ್ಕೆ ಆ ದೇಶದಲ್ಲಿ ಈ ಸ್ಥಾನ ದೊರೆತದ್ದು ಆಶ್ಚರ್ಯವೇನಲ್ಲ. ಪರೀಕ್ಷೆಯಲ್ಲಿ ಇದರ ಮೇಲೆ ಎಂಥ ಪ್ರಶ್ನೆ ಕೇಳಬೇಕೆಂಬುದು ಉಪಾಧ್ಯಾಯರ ಪಾಡು. ಅಂಕ ಕೊಟ್ಟ ಕೂಡಲೇ ಭಿಕ್ಷುಕನಿಗೆ ಬಿಡಿ ನಾಣ್ಯ ಎಸೆಯುವ ಜಾಣರು ಅಲ್ಲಿಯೂ ಹುಟ್ಟಿಯಾರು.

ಆಟದಲ್ಲಿ ಯುದ್ಧ ಎಂದು ಮುಗಿಯುವುದೆಂದು ಮುಂಚಿತವಾಗಿ ಯಾರಿಗೂ ತಿಳಿಯದು. ಒಂದೊಂದು ಸಲ ಒಂದೊಂದು ಲೆಕ್ಕ. ಬಹಳವೆಂದರೆ ಒಂದೂವರೆ ತಿಂಗಳಷ್ಟು ದಿನಗಳಲ್ಲಿ ಕದನವಿರಾಮದ ಸುದ್ದಿ ಬರುತ್ತದೆ, ಉಳಿದವರು ಬಾಗಿಲು ತೆರೆದು ಬೀದಿಗೆ ಬರುತ್ತಾರೆ. ಸರಾಯೆವೊದ ಮುತ್ತಿಗೆ 1992ರ ಏಪ್ರಿಲಿನಿಂದ 1996ರ ಫೆಬ್ರವರಿಯವರೆಗೆ ನಡೆಯಿತು, 1425 ದಿನ.